ತಟ್ಟೆ ಮುಚ್ಚಿ ಬೇಯಿಸಿದ ಮರಗೆಣಸು

ಎಲ್ಲ ಅವಾಂತರಕ್ಕೂ ಮೂಲ ಒಂದು ಮರಗೆಣಸು. ಅದೂ ಸಣ್ಣದಲ್ಲ, ಮಗುವಿನ ಹಾಗೆ ತೋಳಲ್ಲಿ ಮಲಗಿಸಿಕೊಂಡು ತರಬೇಕಾದಂಥದ್ದು.

ಬೆಳಿಗ್ಗೆ ತರಕಾರಿಯವಳ ಅಂಗಡಿಯ ಬೀಗ ಕೈಕೊಟ್ಟಿತ್ತು. ಬೀಗ ರಿಪೇರಿಯವನು ಹೋಗಿ ತೆಗೆದುಕೊಟ್ಟ. ಸುತ್ತಮುತ್ತಲಿನವರಿಗೆಲ್ಲ ಅವನು ಬೀಗದಣ್ಣ. ಆ ಬೀದಿಯಲ್ಲಿ ಅವನು ತೆಗೆಯದ ಬಾಗಿಲಿಲ್ಲ, ಹಾಗೆಂದು ಯಾವ ಬಾಗಿಲಿನವರೂ ಅವನನ್ನು ಒಳಗೆ ಕರೆದದ್ದೂ ಇಲ್ಲ. ಚಿಲಕ ಸರಿದದ್ದೇ ತಡ, ಮನೆಯವರು "ಅಬ್ಬಾ, ಬದುಕಿದ್ವಿ" ಎಂದು ಒಳಗೆ ನುಗ್ಗುವರು. ಇವನು ಹೊರಗೆ ಕೂತು ಸಾಮಾನು ಚೀಲಕ್ಕೆ ತುಂಬಿಕೊಳ್ಳುವನು.

ತರಕಾರಿಯವಳು ಮಾತ್ರ ಖುಷಿಯಾಗಿ ಆ ಗೆಣಸನ್ನು ಅವನ ತೋಳಿಗೆ ಒರಗಿಸಿದಳು.

"ತಗೊಳ್ಳಿ ಅಣ್ಣ. ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಜಜ್ಜಿ ಮೇಲೆ ಬಿಸಿ ಎಣ್ಣೆ ಸುರೀರಿ, ಚುಂಯ್ ಅನ್ನಬೇಕು. ಆಮೇಲೆ ನಿಂಬೆಹಣ್ಣು ಹಿಂಡಿ. ಆದ್ರೆ ಇದು ಒಬ್ರೇ ತಿನ್ನೋದಲ್ಲ, ಸುತ್ತ ಕೂತು ತಿನ್ನೋದು. ಮನೇಲಿ ಜನ ಇದಾರಲ್ಲ?"

"ಇದಾರೆ, ಇದಾರೆ," ಎಂದ ಬೀಗದಣ್ಣ.

ಅವನ ಒಂಟಿ ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ತಗಡಿನ ಪೆಟ್ಟಿಗೆ, ಒಂದು ಸ್ಟೌ, ಒಂದು ರೇಡಿಯೋ. ಊಟದ ಹೊತ್ತಿಗೆ ರೇಡಿಯೋ ಹಾಕಿಕೊಳ್ಳುತ್ತಿದ್ದ. ವಾರ್ತೆ ಓದುವವಳು "ನಮಸ್ಕಾರ" ಎಂದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ತಲೆಯಾಡಿಸುತ್ತಿದ್ದ. ಇವತ್ತು ಮಾತ್ರ, ತಲೆಯಾಡಿಸಿದರೆ ತಿರುಗಿ ತಲೆಯಾಡಿಸುವ ಒಂದು ಜೀವವನ್ನು ಎದುರಿಗೆ ಕೂರಿಸಿಕೊಂಡೇ ತಿನ್ನಬೇಕು ಎಂದು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿದ.

ಗೆಣಸಿನ ಸಿಪ್ಪೆ ತೆಗೆದು, ಹೋಳು ಮಾಡಿ ಪಾತ್ರೆಗೆ ಹಾಕಿ, ಬೇಗ ಬೇಯಲೆಂದು ತಟ್ಟೆ ಮುಚ್ಚಿದ. ಕುಟ್ಟಲು ಬೇರೇನೂ ಇಲ್ಲದ್ದರಿಂದ ಬೆಳ್ಳುಳ್ಳಿಯನ್ನು ಬೀಗ ಬಡಿಯುವ ಸುತ್ತಿಗೆಯಿಂದಲೇ ಜಜ್ಜಿದ. ಎಣ್ಣೆ ಚುಂಯ್ ಎಂದಿತು. ಘಮ ಕಿಟಕಿಯಿಂದ ಹೊರಬಿದ್ದು, ಬಾಡಿಗೆ ವಸೂಲಿಗೆ ಬಂದವನ ಹಾಗೆ ಮನೆಮನೆಯ ಬಾಗಿಲು ತಟ್ಟಿತು.

ಮೊದಲು ಬಂದದ್ದು ಎದುರುಮನೆಯ ದೊಡ್ಡಮ್ಮ.

"ಏನಪ್ಪಾ, ಬೆಳ್ಳುಳ್ಳಿ ಜಜ್ಜಿದ್ಯೋ, ಕಟ್ಟಡಾನೇ ಜಜ್ಜಿದ್ಯೋ? ಗೋಡೆ ಎಲ್ಲ ಅದುರಿಹೋಯ್ತು!"

"ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ, ನೀವೂ ಸ್ವಲ್ಪ..."

ಅಷ್ಟರಲ್ಲಿ ಕೆಳಗಿನ ದರ್ಜಿ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ ಬಂದ. ಹಿಂದೆಯೇ ಮೇಲಿನ ಮನೆಯ ಮೇಷ್ಟ್ರು. ಕೆಲಸದಿಂದ ನಿವೃತ್ತರಾಗಿದ್ದರೂ ಪಾಠದಿಂದ ಆಗಿರಲಿಲ್ಲ. ಪಾತ್ರೆಯ ಮೇಲಿನ ತಟ್ಟೆ ಕಂಡು ಅವರ ಹುಬ್ಬು ಮೇಲೇರಿತು.

"ಮುಚ್ಚಿ ಬೇಯಿಸಿದ್ರಾ?"

"ಹೌದು ಮೇಷ್ಟ್ರೇ."

"ಕೆಟ್ರಿ! ಮರಗೆಣಸಲ್ಲಿ ವಿಷ ಇರುತ್ತೆ. ತೆರೆದಿಟ್ಟು ಬೇಯಿಸಿದ್ರೆ ಆವಿ ಜೊತೆ ಹೋಗುತ್ತೆ. ನೀವು ಅದನ್ನ ಒಳಗೇ ಕೂಡಿಹಾಕಿದೀರಿ. ಬೀಗದವರಲ್ವಾ!"

ಮುಂದೆ ಬಂದಿದ್ದ ದರ್ಜಿಯ ಕೈ ಹಿಂದೆ ಹೋಯಿತು. ಆದರೆ ಮೂಗು ಹಿಂದೆ ಹೋಗಲೊಪ್ಪಲಿಲ್ಲ. "ಒಂದ್ಕೆಲಸ ಮಾಡೋಣ. ಮಾಡಿದವರೇ ಮೊದಲು ತಿನ್ಲಿ. ನಾವು ಕೂತು ನೋಡೋಣ. ಏನೂ ಆಗದಿದ್ರೆ ನಾವೂ ತಿನ್ನೋಣ."

"ಏನಾದ್ರೂ ಆದ್ರೆ?" ಎಂದಳು ದೊಡ್ಡಮ್ಮ.

"ಆದ್ರೆ ನಾವು ತಿನ್ನಲ್ಲ."

ಬೀಗದಣ್ಣ ತಿಂದ. ಮೂವರೂ ನೋಡಿದರು. ದೊಡ್ಡಮ್ಮ ಮಂಚದ ಮೇಲೆ, ಮೇಷ್ಟ್ರು ಪೆಟ್ಟಿಗೆಯ ಮೇಲೆ, ದರ್ಜಿ ಬೋರಲು ಹಾಕಿದ ಬಕೆಟ್ಟಿನ ಮೇಲೆ. ಕಾಯುತ್ತ ಕೂತವರು ಮಾತಿಗಿಳಿದರು. ಮಂಡಿನೋವು, ನೀರು ಬಾರದ ನಲ್ಲಿ, ದರ್ಜಿ ಬಿಗಿಯಾಗಿ ಹೊಲಿದ ಮೇಷ್ಟ್ರ ಪ್ಯಾಂಟು, ಹೀಗೆ. ನಡುನಡುವೆ ಯಾರಾದರೊಬ್ಬರು "ಅಣ್ಣ, ಈಗ ಹೇಗನ್ನಿಸ್ತಿದೆ?" ಎನ್ನುವರು. ಹೇಗನ್ನಿಸುತ್ತಿದೆ ಎಂದು ಅವನನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ! ಅವನು ಬೇಕೆಂದೇ ನಿಧಾನವಾಗಿ ಇನ್ನೊಂದು ಹೋಳು ಬಾಯಿಗಿಟ್ಟುಕೊಂಡ.

ಆದರೆ ಮೇಷ್ಟ್ರು ಎದ್ದುಬಿಟ್ಟರು. "ಏನೂ ಆಗೋ ಹಾಗೆ ಕಾಣಲ್ಲ."

"ಹಾಗಾದ್ರೆ ನನ್ನ ಪಾಲು ಒಂದು ಡಬ್ಬಿಗೆ ಹಾಕ್ಕೊಡಪ್ಪಾ," ಎಂದಳು ದೊಡ್ಡಮ್ಮ. "ಮನೇಲಿ ಟಿವಿ ನೋಡ್ತಾ ತಿಂತೀನಿ."

"ನಂಗೂ ಅಷ್ಟೆ," ಎಂದ ದರ್ಜಿ. "ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದೀನಿ."

ಬೀಗದಣ್ಣ ಬಾಗಿಲಿನ ಕಡೆ ನೋಡಿದ. ಇವರು ಹೋದರೆ ಮತ್ತೆ ರೇಡಿಯೋ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೈ ಹೊಟ್ಟೆಯ ಮೇಲೆ ಹೋಗಿತ್ತು.

"ಸ್ವಲ್ಪ... ಚುಚ್ಚಿದ ಹಾಗೆ..."

ಮೂವರೂ ದಬಕ್ಕನೆ ಕೂತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಆದರೆ ದೊಡ್ಡಮ್ಮ ಹಣೆಯ ಮೇಲೆ ಅಂಗೈ ಇಟ್ಟಳು ನೋಡಿ. ಬೆಚ್ಚಗಿನ ಕೈ. ಅದು ಇನ್ನೊಂದಿಷ್ಟು ಹೊತ್ತು ಅಲ್ಲೇ ಇರಲಿ ಎಂದು ಒಂದು ಸಲ ನರಳಿದ. ಕೈ ತಲೆ ಸವರಿತು. ಇನ್ನೊಂದು ಸಲ, ಮೊದಲಿಗಿಂತ ಚೆನ್ನಾಗಿ, ನರಳಿದ.

"ನಾನು ಹೇಳ್ಲಿಲ್ವಾ!" ಎಂದು ಮೇಷ್ಟ್ರು ಸಂಭ್ರಮದಿಂದ ಚೀರಿದರು. "ಎತ್ತಿ!"

ಬೇಡ ಬೇಡ ಎಂದರೂ ಕೇಳದೆ ಅವನನ್ನು ಕೆಳಗಿಳಿಸಿ ಆಟೋಗೆ ತುರುಕಿದರು.

"ಯಾರಾದ್ರೂ ಜೊತೆಗೆ..." ಎಂದ ಬೀಗದಣ್ಣ.

"ಪಾತ್ರೆ ಕಾಯೋರು ಬೇಡ್ವಾ?" ಎಂದರು ಮೇಷ್ಟ್ರು. "ಬೆಕ್ಕು ಬಾಯಿ ಹಾಕಿ ಸತ್ರೆ? ನೀವು ಹೋಗಿ. ನಾವು ಮೂರು ಜನ ಅಲ್ಲೇ ಕೂತಿರ್ತೀವಿ."

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿದರು, ನಾಲಗೆ ನೋಡಿದರು, ಆಮೇಲೆ ಮುಖ ನೋಡಿದರು. "ಏನೂ ಇಲ್ಲ ನಿಮ್ಗೆ. ಜೊತೆಗೆ ಯಾರು ಬಂದಿದಾರೆ?"

"ಎಲ್ಲ ಮನೇಲಿ ಕಾಯ್ತಿದಾರೆ ಡಾಕ್ಟ್ರೇ," ಎಂದ. ಹೇಳುವಾಗ ನಗು ಬಂದುಬಿಟ್ಟಿತು.

"ನಗ್ತಾ ನಗ್ತಾ ಹೊಟ್ಟೆನೋವು ಅನ್ನೋರನ್ನ ಇವತ್ತೇ ನೋಡ್ತಿರೋದು. ಹೋಗಿ. ನಿಮ್ಮ ಮೇಷ್ಟ್ರು ಆಗ್ಲೇ ಫೋನ್ ಮಾಡಿದ್ರು. ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿದ್ರೆ ಗೆಣಸಲ್ಲಿ ದೋಷ ಇಲ್ಲ, ಯಾರು ಬೇಕಾದ್ರೂ ತಿನ್ನಬಹುದು ಅಂತ ಹೇಳಿದೀನಿ."

ಬೀಗದಣ್ಣ ಓಡೋಡಿ ಬಂದ. ಮೆಟ್ಟಿಲಲ್ಲೇ ನಗು ಕೇಳಿಸಿತು, ಅವನದೇ ಕೋಣೆಯಿಂದ! ಒಳಗೆ ಮೂವರೂ ಪಾತ್ರೆಯ ಸುತ್ತ ನೆಲದ ಮೇಲೆ ಕೂತಿದ್ದರು. ದರ್ಜಿ ತಳದ ಬೆಳ್ಳುಳ್ಳಿ ಎಣ್ಣೆಯನ್ನು ಬೆರಳಲ್ಲಿ ಬಳಿಯುತ್ತಿದ್ದ. ಗೆಣಸು ಒಂದು ಹೋಳೂ ಇರಲಿಲ್ಲ.

"ತಣ್ಣಗಾದ್ರೆ ಗಟ್ಟಿಯಾಗುತ್ತಲ್ಲಾ ಅಂತ..." ಎಂದ ದರ್ಜಿ.

"ಪರ್ವಾಗಿಲ್ಲ, ಪರ್ವಾಗಿಲ್ಲ! ಕೂತ್ಕೊಳ್ಳಿ," ಎನ್ನುತ್ತ ಬೀಗದಣ್ಣ ತಾನೂ ಕೂರಲು ಬಗ್ಗಿದ.

ಮೂವರೂ ಎದ್ದರು.

"ಅಯ್ಯೋ, ರೋಗಿ ಬಂದ್ರು. ನಡೀರಿ, ನಡೀರಿ," ಎಂದಳು ದೊಡ್ಡಮ್ಮ. "ಮಲ್ಕೋಪ್ಪಾ ನೀನು."

"ನಂಗೇನೂ ಆಗಿರ್ಲಿಲ್ಲ ದೊಡ್ಡಮ್ಮ! ಸುಳ್ಳು ಹೇಳಿದ್ದು. ನೀವು ಕೂತಿರ್ಲಿ ಅಂತ."

ದೊಡ್ಡಮ್ಮ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. "ಗೆಣಸಲ್ಲ, ಬೇರೇನೋ ಕಾಯಿಲೆ. ತಲೆಗೂ ಏರಿದೆ. ಮಾತಾಡಿಸಿ ಆಯಾಸ ಮಾಡಬೇಡಿ. ಪೂರ್ತಿ ಸುಧಾರಿಸೋವರ್ಗೂ ಯಾರೂ ಈ ಕಡೆ ಬರಕೂಡದು."

ಅವನ ಮೇಲೆ ಹೊದಿಕೆ ಎಳೆದು, ಅವನ ನಿದ್ದೆಗೆ ಅಡ್ಡಿಯಾಗದಿರಲೆಂದು ರೇಡಿಯೋವನ್ನೂ ಕಂಕುಳಲ್ಲಿಟ್ಟುಕೊಂಡು, ಬಾಗಿಲು ಮೆಲ್ಲಗೆ ಮುಂದೆಮಾಡಿ ಹೋದರು. ತುಸು ಹೊತ್ತಿಗೆ ಎದುರುಮನೆಯಲ್ಲಿ ಲೋಟಗಳ ಸದ್ದಾಯಿತು. ಅರ್ಧಕ್ಕೆ ನಿಂತಿದ್ದ ಮಾತು ಅಲ್ಲಿ ಮುಂದುವರಿಯಿತು. ದರ್ಜಿ ಏನೋ ಅಂದ, ಎಲ್ಲರೂ ಗೊಳ್ಳೆಂದು ನಕ್ಕರು. ಹೊದಿಕೆಯೊಳಗೆ ಬೀಗದಣ್ಣ ಕಿವಿ ನಿಮಿರಿಸಿದ.

ಕೂಡಲೇ ದೊಡ್ಡಮ್ಮನ ದನಿ ಕೇಳಿತು:

"ಶ್, ಮೆಲ್ಲಗೆ ಮಾತಾಡ್ರೋ. ಪಾಪ, ಅವನಿಗೆ ಕೇಳಿಸುತ್ತೆ."