ಎಲೆ ಅಡಿಕೆ ಕೊಟ್ಟು ಕರೆದ ಕಣ್ಣಿನ ಆಪರೇಷನ್ನು

ನನ್ನ ಮಾವನವರು, ಅಂದರೆ ನನಗೆ ಹೆಣ್ಣು ಕೊಟ್ಟ ಮಹಾನುಭಾವರು, ತಮ್ಮ ಒಬ್ಬಳೇ ಮಗಳ ಮದುವೆಗೆ ಕರೆದದ್ದಕ್ಕಿಂತ ಹೆಚ್ಚು ಜನರನ್ನು ಕಣ್ಣಿನ ಆಪರೇಷನ್ನಿಗೆ ಕರೆದಿದ್ದಾರೆ! ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಮದುವೆಗೂ ಅವರು ಮನೆಮನೆಗೆ ಹೋಗಿ ಕರೆದಿದ್ದರು, ಸುಳ್ಳೇಕೆ ಹೇಳಲಿ. ಆದರೆ ಆಪರೇಷನ್ನಿಗೆ ಕರೆಯುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆ ನಮ್ಮ ಮದುವೆಯ ಫೋಟೋಗಳಲ್ಲಿ ಎಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ನಾನಾಗ ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನಲ್ಲಿ ಹೊಸದಾಗಿ ಒಂದು ಸೇವಾ ಕ್ಲಬ್ಬು ಹುಟ್ಟಿಕೊಂಡಿತ್ತು. ವಕೀಲರು, ರೈಸ್‌ಮಿಲ್ಲಿನವರು, ಗೊಬ್ಬರದಂಗಡಿಯವರು, ಒಬ್ಬಿಬ್ಬರು ಡಾಕ್ಟರು ಸೇರಿಕೊಂಡಿದ್ದರು. ಇವರಿಗೆಲ್ಲ ಭಾಷಣ ಬರೆದುಕೊಡಲು ಒಬ್ಬ ಮೇಷ್ಟ್ರು ಬೇಕಲ್ಲ, ಅದಕ್ಕೆ ನಾನು! ಮಾವ ಕಬ್ಬು ಬೆಳೆಯುವವರು. ಕಬ್ಬು ಕಾರ್ಖಾನೆಗೆ ಹೋದಮೇಲೆ ಅವರ ಕೈ ಖಾಲಿ. ಕೈ ಖಾಲಿಯಾದಾಗಲೆಲ್ಲ ನಮ್ಮ ಮನೆಗೆ ಬಂದು ನನ್ನ ಸಂಸಾರ ರಿಪೇರಿ ಮಾಡಲು ಕೂರುತ್ತಿದ್ದರು. ಅದರಿಂದ ಪಾರಾಗಲು ಅವರನ್ನೂ ಕ್ಲಬ್ಬಿಗೆ ಸೇರಿಸಿಬಿಟ್ಟೆ. ಆ ದಿನದಿಂದ ನನ್ನ ಸಂಸಾರ ಉಳಿಯಿತು, ಕ್ಲಬ್ಬು ಸಿಕ್ಕಿಹಾಕಿಕೊಂಡಿತು.

ಮೊದಲ ಮೀಟಿಂಗಿನಲ್ಲೇ ಶುರುವಾಯಿತು ನೋಡಿ. ನಮ್ಮ ಅಧ್ಯಕ್ಷರು ವಕೀಲರು. ಕ್ಲಬ್ಬಿನ ಪದ್ಧತಿಯಂತೆ ಪದಕಗಳ ದೊಡ್ಡ ಸರವೊಂದನ್ನು ಕೊರಳಿಗೆ ಹಾಕಿಕೊಂಡು ಬಂದರು. ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, ಕೊನೆಯ ಸಾಲಿಗೂ ಕೇಳುವಷ್ಟು ಮೆಲ್ಲಗೆ, "ಅಳಿಮಯ್ಯ, ಲಾಯರಪ್ಪಂಗ್ಯಾಕೆ ಜಾತ್ರೆ ಹೋರಿಗಾಕ್ದಂಗೆ ಸರ ಆಕವ್ರೆ?" ಅಂದರು. ಸಭೆ ಶುರುವಾಯಿತೆಂದು ಅಧ್ಯಕ್ಷರು ಗಂಟೆ ಬಾರಿಸಿದರು. ಮಾವ ಥಟ್ಟನೆ ಎದ್ದು ನಿಂತು ಕಣ್ಣುಮುಚ್ಚಿ ಕೈಮುಗಿದರು. ಸ್ವಲ್ಪ ಹೊತ್ತು ಕಾದು, ಒಂದು ಕಣ್ಣು ಬಿಟ್ಟು, "ಮಂಗಳಾರತಿ ತಟ್ಟೆ ಈ ಕಡೀಕೂ ಬತ್ತದಾ?" ಎಂದು ಕೇಳಿದರು!

ಸಭೆ ಮುಗಿದಮೇಲೆ ಊಟ. ಕ್ಲಬ್ಬಿನ ಭಾಷೆಯಲ್ಲಿ ಅದಕ್ಕೆ ಊಟ ಅನ್ನುವಂತಿಲ್ಲ, ಫೆಲೋಶಿಪ್ ಅನ್ನಬೇಕು. ಎಲ್ಲರೂ ತಟ್ಟೆ ಹಿಡಿದು ನಿಂತುಕೊಂಡು, ಒಬ್ಬರ ಮೊಣಕೈ ಇನ್ನೊಬ್ಬರ ಸಾರಿಗೆ ತಾಗಿಸುತ್ತ, ಬಾಂಧವ್ಯ ಬೆಳೆಸಿಕೊಳ್ಳುತ್ತಿದ್ದೆವು. ಮಾವನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ನಿಂತ್ಕಂಡು ಉಣ್ಣಾಕೆ ಬಸ್ಸೇನಾದ್ರೂ ಒಂಟೋಯ್ತದಾ?" ಎಂದವರೇ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮೊದಲು ಗೊಬ್ಬರದಂಗಡಿಯವರು ಪಕ್ಕದಲ್ಲಿ ಕೂತರು. ಆಮೇಲೆ ಮಿಲ್ಲಿನವರು. ಕೆಲವೇ ತಿಂಗಳಲ್ಲಿ ಅಧ್ಯಕ್ಷರೂ ಸರವನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡು ಪಂಕ್ತಿಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ಮುಖ ಕೊಟ್ಟು ಮಾತಾಡದ ಇಬ್ಬರು ಮೆಂಬರುಗಳು ಅಕ್ಕಪಕ್ಕದ ಎಲೆಗೆ ಬಿದ್ದು, ಉಪ್ಪು ಕೇಳುವ ನೆಪದಲ್ಲಿ ರಾಜಿಯಾದರು. ಫೆಲೋಶಿಪ್ ಅಂದರೇನೆಂದು ನನಗೆ ಅರ್ಥವಾದದ್ದು ಆಗಲೇ.

ಇನ್ನು ಸೇವೆಯ ವಿಷಯ. ಬಿಂಡಿಗನವಿಲೆಯಲ್ಲಿ ನಾವು ಮೊದಲ ಉಚಿತ ಕಣ್ಣಿನ ಶಿಬಿರ ಇಟ್ಟುಕೊಂಡೆವು. ಕರಪತ್ರ ಹಂಚಿದೆವು, ಜೀಪಿಗೆ ಮೈಕು ಕಟ್ಟಿ ಸುತ್ತಮುತ್ತ ಕೂಗಿಸಿದೆವು, ಮೈಸೂರಿನಿಂದ ಡಾಕ್ಟರನ್ನು ಕರೆಸಿದೆವು. ಬಂದವರು ಯಾರು? ಆ ಊರಿನ ಹೆಡ್‌ಮೇಷ್ಟ್ರು, ಅವರ ಜವಾನ, ಮತ್ತೆ ನೆರಳಿಗೆಂದು ಶಾಮಿಯಾನದೊಳಗೆ ನುಗ್ಗಿದ ಒಂದಷ್ಟು ಕುರಿ! ಡಾಕ್ಟರು ಸಂಜೆಯವರೆಗೆ ಪೇಪರು ಓದಿ ಹೊರಟುಹೋದರು.

ಮುಂದಿನ ಮೀಟಿಂಗಿನಲ್ಲಿ ಅಧ್ಯಕ್ಷರು ಬೇಸರದಿಂದ, "ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ" ಅಂದರು. ಮಾವ ಎದ್ದರು.

"ತಿಳುವಳ್ಕೆ ಇಲ್ದಿರೋದು ನಮ್ಗೆ ಕಣ್ರಪ್ಪ. ಒಬ್ರನ್ನಾದ್ರೂ ಕರ್ದ್ರಾ ನೀವು?"

"ಮೈಕಿನಲ್ಲಿ ಕೂಗಿಸಿದೆವಲ್ಲ ಯಜಮಾನರೇ!"

"ಮೈಕ್ನಾಗೆ ಕೂಗುದ್ರೆ ಯಾವ ಮಾನವಂತ ಬತ್ತಾನೆ? ನಿಮ್ಮನೆ ಮದ್ವೇಗೆ ಮೈಕ್ನಾಗೆ ಕೂಗುದ್ರಾ? ಅಟ್ಟಿಗೋಗ್ಬೇಕು, ಕೂತ್ಕಬೇಕು, ನೀರ್ ಕುಡೀಬೇಕು, ಎಲೆ ಅಡ್ಕೆ ಕೊಟ್ಟು ಕರೀಬೇಕು. ಎಲೆ ಅಡ್ಕೆ ಈಸ್ಕಂಡೋನು ಇಲ್ಲ ಅನ್ನಂಗಿಲ್ಲ. ಅದು ನಮ್ ಕಡೆ ಕಾನೂನು. ನಿಮ್ ಕೋರ್ಟ್ನಾಗೆ ಇಲ್ವೇನೋ!"

ಮುಂದಿನ ಶಿಬಿರ ಪಾಂಡವಪುರದಲ್ಲೇ, ಒಂದು ಛತ್ರದಲ್ಲಿ. ಕರೆಯುವ ಜವಾಬ್ದಾರಿ ಮಾವನದು. ಅವರೊಬ್ಬರೇ ಹೋದರೆ ಹೆಂಗಸರಿಗೆ ಕುಂಕುಮ ಕೊಡುವವರು ಯಾರು? ಅತ್ತೆಯೂ ಕುಂಕುಮದ ಭರಣಿ ಹಿಡಿದು ಹೊರಟರು. ಗಂಡಹೆಂಡಿರಿಬ್ಬರೂ ನನ್ನ ಸ್ಕೂಟರು ಹತ್ತಿ ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದರು. ನಾನು ಶಾಲೆಗೆ ನಡೆದುಕೊಂಡು ಹೋದೆ, ಅದು ಬೇರೆ ವಿಷಯ. ಊರಿಗೆ ಹಿರಿಯರ ಮನೆ ಮೊದಲು, ಆಮೇಲೆ ಉಳಿದವರು. ಒಂದು ಮನೆಯನ್ನೂ ಬಿಡುವಂತಿಲ್ಲ. ಎಲ್ಲ ಕಡೆ ಒಂದೇ ಮಾತು: "ಭಾನ್ವಾರ ಛತ್ರದಾಗೆ ನಮ್ಮನೆ ಕಾರ್ಯ, ತಪ್ಪುಸ್ಕಬಾರ್ದು." ಕಣ್ಣಿನ ವಿಚಾರವನ್ನೂ ಹೇಳಿದರಂತೆ. ಆದರೆ ಎಲೆ ಅಡಿಕೆ ಕೈಗೆ ಬಂದಮೇಲೆ ಮುಂದಿನ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ ಹೇಳಿ?

ಭಾನುವಾರ ಬೆಳಗ್ಗೆ ಛತ್ರದ ಬಾಗಿಲಲ್ಲಿ ನಿಂತವನು ನಾನು. ಮೊದಲನೇ ಬಸ್ಸು ಬಂತು. ಇಳಿದವರನ್ನು ನೀವು ನೋಡಬೇಕಿತ್ತು. ಗಂಡಸರೆಲ್ಲ ಗರಿಗರಿ ಪಂಚೆ, ಹೆಂಗಸರೆಲ್ಲ ಪೆಟ್ಟಿಗೆಯ ಸೀರೆ, ಮುಡಿತುಂಬ ಹೂವು. ಕೈಯಲ್ಲಿ ಸ್ಟೀಲ್ ತಪ್ಪಲೆ, ತೆಂಗಿನಕಾಯಿ, ರವಿಕೆ ಕಣ. ಮುಯ್ಯಿ ತಂದಿದ್ದಾರೆ! ಕಣ್ಣಿನ ಶಿಬಿರಕ್ಕೆ ಮದುವೆಯ ಉಡುಗೊರೆ! ಬೂಕನಕೆರೆಯಿಂದ ಬಂದ ಅಜ್ಜಿಯೊಬ್ಬರು ನನ್ನ ಕೈಯನ್ನು ತಡಕಾಡಿ ಹಿಡಿದುಕೊಂಡು, "ಮದ್ವೆ ಎಣ್ಣೆಲ್ಲಪ್ಪಾ? ಗಂಡೆಲ್ಲಿ?" ಎಂದು ಕೇಳಿದರು. ನಾನು ತಬ್ಬಿಬ್ಬಾಗಿ ಡಾಕ್ಟರ ಕಡೆ ನೋಡಿದೆ. ಅಜ್ಜಿ ಅತ್ತ ತಿರುಗಿ ಕಣ್ಣು ಕಿರಿದು ಮಾಡಿ, "ಆ ಬಿಳೀ ಕೋಟ್ನೋನಾ? ವಯ್ಸಾಗದಲ್ಲೋ ಮಗ! ಎಣ್ಣಿನ್ ಕಡೆಯೋರು ಒಪ್ಪುದ್ರಾ?" ಅಂದರು. ಪಾಪ, ಡಾಕ್ಟರಿಗೆ ಮೊಮ್ಮಕ್ಕಳಿದ್ದರು.

ವಿಷಯ ತಿಳಿದಮೇಲೆ ಗುಜುಗುಜು ಶುರುವಾಯಿತು. "ಕಾರ್ಯ ಅಂತ ಕರ್ದು ಕಣ್ ಕುಯ್ತಾರಂತೆ, ನಡೀರ್ಲಾ" ಎಂದು ಒಬ್ಬ ಎದ್ದ. ಅಧ್ಯಕ್ಷರು ನನ್ನ ಕಡೆ, ನಾನು ಮಾವನ ಕಡೆ ನೋಡಿದೆವು. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಓಗ್ರಪ್ಪ, ಯಾರ್ ಬ್ಯಾಡ ಅಂದೋರು? ಉಂಡ್ಬುಟ್ಟು ಓಗಿ. ಕಾರ್ಯದ್ ಮನೇಗ್ ಬಂದು ಉಣ್ದೆ ಓಗ್ತೀರಾ?" ಎಂದರು. ಅದು ಹೇಗೆ ಹೋದಾರು! ಎಲ್ಲರೂ ಊಟದ ಹಾಲಿನ ಕಡೆ ತಿರುಗಿದರು. ಡಾಕ್ಟರ ಮೇಜನ್ನು ಮಾವ ಎಲ್ಲಿ ಹಾಕಿಸಿದ್ದರು ಅಂದುಕೊಂಡಿರಿ? ಊಟದ ಹಾಲಿನ ಬಾಗಿಲಿಗೆ ಅಡ್ಡಲಾಗಿ! ಕಣ್ಣು ತೋರಿಸದೆ ಒಬ್ಬರಿಗೂ ಪಾಯಸ ಸಿಕ್ಕಲಿಲ್ಲ.

ಆ ದಿನ ಬಂದ ಮುಯ್ಯಿಯನ್ನು ಮಾವ ಬೇಡವೆನ್ನಲಿಲ್ಲ, ಬೇಡವೆಂದರೆ ಕೊಟ್ಟವರಿಗೆ ಅವಮಾನ. ತೆಗೆದುಕೊಂಡಮೇಲೆ ತಿರುಗಿ ಮಾಡಬೇಕಲ್ಲ? ಮುಂದೆ ವರ್ಷಗಟ್ಟಲೆ ಆ ಮನೆಗಳ ಮದುವೆಗಳಿಗೆಲ್ಲ ಮಾವ ಹಾಜರು. ಹೋದಲ್ಲೆಲ್ಲ ವಯಸ್ಸಾದವರ ರೆಪ್ಪೆ ಎತ್ತಿ ನೋಡುವುದು ಒಂದು ಚಟವೇ ಆಯಿತು. ಅಕ್ಕಿಹೆಬ್ಬಾಳಿನ ಒಂದು ಮದುವೆ ಆಲ್ಬಮ್ಮಿನಲ್ಲಿ ಈಗಲೂ ಇದೆ ನೋಡಿ: ಎಲ್ಲರೂ ವಧೂವರರಿಗೆ ಅಕ್ಷತೆ ಹಾಕುತ್ತಿದ್ದಾರೆ, ನಮ್ಮ ಮಾವ ಮಾತ್ರ ಗಂಡಿನ ತಾತನ ಕಣ್ಣಿಗೆ ಹೆಬ್ಬೆರಳು ಹಾಕಿದ್ದಾರೆ.

ಆ ಶಿಬಿರದಲ್ಲಿ ನೋಡಿದರೆ ಬೂಕನಕೆರೆ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಮೈಸೂರಿನ ಆಸ್ಪತ್ರೆಗೆ ಹೋಗಬೇಕು ಅಂದರೆ, "ನೋಡಿದ್ದೆಲ್ಲ ಸಾಕು ಬುಡಪ್ಪ" ಎಂದು ಕೂತುಬಿಟ್ಟರು. ಮಾವ ಮತ್ತೆ ಎಲೆ ಅಡಿಕೆ ಹಿಡಿದು ಅವರ ಮನೆಗೇ ಹೋದರು. ಅಜ್ಜಿ ಬೈದುಕೊಂಡೇ ಕೈಚಾಚಿದರು. ಈಸಿಕೊಂಡಮೇಲೆ ಕಾನೂನು ಕಾನೂನೇ! ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಮಾವ ಮುಂದೆಯೇ ನಿಂತಿದ್ದರು, ಏನಾದರೂ ಹೊಗಳುತ್ತಾರೇನೋ ಎಂದು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀನೇನಪ್ಪಾ ಅದು? ಇಷ್ಟು ಕರ್ರಗಿದ್ದೀಯಾ! ದನಿ ಕೇಳಿ ಕೆಂಪ್ಗವ್ನೆ ಅನ್ಕಂಡಿದ್ದೆ" ಅಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಅಧ್ಯಕ್ಷರಂತೂ ಅದನ್ನು ಮುಂದೆ ಪ್ರತಿ ಮೀಟಿಂಗಿನಲ್ಲೂ ಹೇಳಿದರು.

ಹೀಗೆ ನಗುತ್ತಾ ನಗುತ್ತಾ ನಾವೆಲ್ಲ ಒಂದು ವಿಷಯವನ್ನು ಗಮನಿಸಲೇ ಇಲ್ಲ. ಶ್ರೀರಂಗಪಟ್ಟಣದಲ್ಲಿ ಸುತ್ತಲಿನ ಕ್ಲಬ್ಬುಗಳೆಲ್ಲ ಸೇರಿ ಸಮಾರಂಭ ಮಾಡಿದ್ದೆವು. ಮುಖ್ಯ ಅತಿಥಿಯಾಗಿ ಒಬ್ಬ ದೊಡ್ಡ ಅಧಿಕಾರಿ. ಹಾರ ಹಾಕುವ ಗೌರವ ಮಾವನದು. ಮಾವ ಗಾಂಭೀರ್ಯದಿಂದ ವೇದಿಕೆ ಹತ್ತಿ, ಮೈಕು ಸರಿಮಾಡುತ್ತಿದ್ದ ಧ್ವನಿವರ್ಧಕದ ಅಂಗಡಿಯವನ ಕೊರಳಿಗೆ ಹಾರ ಹಾಕಿ, ಶಾಲು ಹೊದಿಸಿ, ಕೈಮುಗಿದು ಇಳಿದರು! ಸಭೆ ಬಿದ್ದು ಬಿದ್ದು ನಕ್ಕಿತು. "ನಿಜವಾಗಿ ಕೆಲಸ ಮಾಡುವವನಿಗೆ ಸನ್ಮಾನ ಮಾಡಿದರು, ಎಂಥಾ ದೊಡ್ಡ ಮನಸ್ಸು!" ಎಂದು ಅಧಿಕಾರಿಗಳೇ ಚಪ್ಪಾಳೆ ತಟ್ಟಿದರು. ಮಾವನೂ ನಕ್ಕರು. ಆದರೆ ಮೆಟ್ಟಿಲು ಇಳಿಯುವಾಗ ಅವರ ಕಾಲು ಗಾಳಿಯಲ್ಲಿ ಮೆಟ್ಟಿಲನ್ನು ಹುಡುಕುತ್ತಿದ್ದದ್ದು ನನಗೆ ಕಂಡಿತು. ಆಮೇಲೆ ನನಗೆ ನಗು ಬರಲಿಲ್ಲ.

ಮಾವನ ಮನೆಗೆ ಹೋಗಿ, ಕಣ್ಣಿಗೇನಾಗಿದೆ ಎಂದು ಕೇಳಿದೆ. "ನಂಗೇನಾಗದೆ ಅಳಿಮಯ್ಯ? ಗುಂಡ್ಕಲ್ಲಂಗಿವ್ನಿ" ಎಂದರು. ಅತ್ತೆ ಒಳಗಿನಿಂದ ಬಂದರು. "ಇವರಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಊರ್ ಮೇಲ್ ಬಂದ ಯಾವನೋ ಒಬ್ಬ ವಾಸಿ ಮಾಡ್ತೀನಿ ಅಂತ ಸೂಜಿ ಆಕ್ದ. ಎರಡು ಕಣ್ಣೂ ಓದ್ವು. ಅವರನ್ನ ಕೈ ಇಡ್ಕಂಡು ಓಡಾಡ್ಸಿದ್ದು ಇವ್ರೇ. ಅದಕ್ಕೇ ಊರೋರ್ಗೆಲ್ಲ ಆಸ್ಪತ್ರೆ ತೋರುಸ್ತಾರೆ, ತಾವ್ ಮಾತ್ರ ಒಳೀಕೆ ಕಾಲಿಡಾಕಿಲ್ಲ. ನಾನೇಳಿ ಸಾಕಾಗದೆ." ಮಾವ ಎದ್ದು ಹಸುವಿಗೆ ಹುಲ್ಲು ಹಾಕುತ್ತೇನೆಂದು ಹಿತ್ತಲಿಗೆ ಹೋದರು. ನಮ್ಮ ಶಿಬಿರದ ಡಾಕ್ಟರನ್ನು ಮನೆಗೇ ಕರೆತಂದು ತೋರಿಸಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಪೊರೆ ಬಲಿತುಹೋಗಿದೆ ಮೇಷ್ಟ್ರೇ, ಇನ್ನೂ ತಡ ಮಾಡಿದರೆ ನನ್ನ ಕೈಲೂ ಆಗಲ್ಲ" ಅಂದರು. ಅಧ್ಯಕ್ಷರು ಹೇಳಿದರು, ಮಗಳು ಅತ್ತಳು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಒಂದು ಬೆಳಗ್ಗೆ ನಾನು ಮಾವನ ಮನೆಯಲ್ಲಿದ್ದಾಗ ಬಾಗಿಲಲ್ಲಿ ಸದ್ದಾಯಿತು. ಬೂಕನಕೆರೆ ಅಜ್ಜಿ! ಹಿಂದೆ ಅಕ್ಕಿಹೆಬ್ಬಾಳಿನ ಆ ಗಂಡಿನ ತಾತ, ಬಿಂಡಿಗನವಿಲೆಯ ಕಡೆಯ ಒಂದಷ್ಟು ಜನ. ಅಜ್ಜಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ.

"ಓದ್ ಸಲ ಮದ್ವೇಲಿ ಸಿಕ್ದಾಗ ನಾನ್ ಮುಂದೇನೇ ನಿಂತಿದ್ರೂ ಯಾರಮ್ಮ ನೀನು ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು" ಅಂದರು ಅಜ್ಜಿ. "ಸೋಮ್ವಾರ ಮೈಸೂರ್ನಾಗೆ ನಮ್ಮನೆ ಕಾರ್ಯ. ತಪ್ಪುಸ್ಕಬಾರ್ದು."

"ಏನ್ ಕಾರ್ಯ ಅಜ್ಜಿ?" ಎಂದರು ಮಾವ.

"ನಿನ್ ಕಣ್ಣಿನ್ ಆಪ್ರೇಸನ್ನು."

ಮಾವ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡರು! ನಾಲ್ಕು ತಾಲ್ಲೂಕಿಗೆ ಎಲೆ ಅಡಿಕೆ ಹಂಚಿದ ಮನುಷ್ಯ, ಬೆತ್ತ ಕಂಡ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತರು. ಯಾರೂ ನಗಲಿಲ್ಲ.

"ಭಯ ಆಯ್ತದೆ ಕಣಜ್ಜಿ" ಅಂದರು ಕೊನೆಗೆ.

"ನಂಗಾಗಿರ್ಲಿಲ್ವಾ? ಈಸ್ಕಂಡೆ ತಾನೆ? ಕೈ ಮುಂದುಕ್ ತಗಿ."

ಮಾವ ಕೈ ಚಾಚಿದರು. ಅಜ್ಜಿ ಎಲೆ ಅಡಿಕೆ ಇಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿದರು.

ಆಪರೇಷನ್ನಾದ ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ಆಸ್ಪತ್ರೆಯ ವರಾಂಡ ತುಂಬಿಹೋಗಿತ್ತು. ಗರಿಗರಿ ಪಂಚೆ, ಪೆಟ್ಟಿಗೆಯ ಸೀರೆ, ತೆಂಗಿನಕಾಯಿ, ತಪ್ಪಲೆ. ಮುಯ್ಯಿ! ನರ್ಸುಗಳು ಯಾರನ್ನು ಹೊರಗೆ ಕಳಿಸಬೇಕೆಂದು ತಿಳಿಯದೆ ತಾವೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮಾವ ಮೆಲ್ಲಗೆ ಕಣ್ಣು ಬಿಟ್ಟರು. ಅಧ್ಯಕ್ಷರನ್ನು ನೋಡಿದರು, ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಏನಾದರೂ ಕೀಟಲೆಯ ಮಾತು ಬರುತ್ತದೆಂದು ನಾವೆಲ್ಲ ಕಾದೆವು. ಅವರ ನೋಟ ನಮ್ಮನ್ನೆಲ್ಲ ದಾಟಿಹೋಗಿ, ಹಿಂದೆ ಕಿಟಕಿಯ ಹತ್ತಿರ ನಿಂತಿದ್ದ ಅತ್ತೆಯ ಮೇಲೆ ನಿಂತಿತು.

"ಯಾವಾಗಮ್ಮೀ ನಿನ್ ತಲೆ ಇಷ್ಟು ಬೆಳ್ಳಗಾಯ್ತು?" ಅಂದರು.

"ನೀವು ಊರೋರ್ನೆಲ್ಲ ಕರೀತಿದ್ರಲ್ಲ, ಆವಾಗ" ಅಂದರು ಅತ್ತೆ.

ಅಷ್ಟು ಜನರ ಮುಂದೆ ಮಾವ ಕೈ ಚಾಚಿದರು. ಅತ್ತೆ ಬಂದು ಆ ಕೈ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತರು. ಬೂಕನಕೆರೆ ಅಜ್ಜಿ ನನ್ನ ಕಡೆ ತಿರುಗಿದರು.

"ಅವತ್ತು ಛತ್ರದಾಗೆ ನಿನ್ನ ಕೇಳ್ದೆ ನೋಡು, ಎಣ್ಣೆಲ್ಲಿ ಗಂಡೆಲ್ಲಿ ಅಂತ. ಇವತ್ತು ಕಂಡ್ರು ಕಣಪ್ಪ."