ಎರಡು ಗಂಟೆ ಓಡಿಸಬೇಕಾದ ನಾಯಿ

ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಚ್ಚುಮನೆಯಲ್ಲಿ ಕರಡು ತಿದ್ದುವ ಪ್ರೂಫಣ್ಣನ ಬಾಯಿಗೆ ಬೀಗ ಎಲ್ಲಿ? ದೊಡ್ಡ ನಾಯಿಗಳ ಸ್ವಭಾವ, ಆರೈಕೆಯ ಬಗ್ಗೆ ಒಂದು ಪುಸ್ತಕ ಅವನ ಕೈದಾಟಿ, ಅವನ ಸಹಿ ಬಿದ್ದು ಅಚ್ಚಾಗಿದ್ದೇ ತಡ, ಜನ್ಮದಲ್ಲಿ ನಾಯಿಮರಿಯನ್ನೂ ಮುಟ್ಟದವನು ಪಂಡಿತನಾಗಿಬಿಟ್ಟ.

“ಡಾಬರ್‌ಮನ್ನಾ? ಮೆತ್ತನೆ ಸೋಫಾ ಕೊಟ್ರೆ ಸಂಜೆ ತನಕ ಬಿದ್ಕೊಂಡಿರತ್ತೆ. ಥೇಟ್ ನನ್ ಥರ. ಜರ್ಮನ್ ಶೆಪರ್ಡ್‌ಗೆ ಮಾತ್ರ ಜೊಲ್ಲು ಒರೆಸಕ್ಕೆ ಟವೆಲ್ ಇಟ್ಕೊಂಡಿರ್ಬೇಕು!”

ಇದು ಅಚ್ಚುಮನೆಯ ಯಜಮಾನರ ಕಿವಿಗೆ ಬಿತ್ತು.

“ಬಾಮೈದ ನಿನ್ನೆ ಒಂದು ಸೇಂಟ್ ಬರ್ನಾರ್ಡ್ ತಂದು ಬಿಟ್ಟೋಗಿದಾನೆ ಕಣಯ್ಯ. ಇವತ್ತೊಂದು ದಿನ ನೋಡ್ಕೋ. ಸರಿಯಾಗಿ ನೋಡ್ಕೊಂಡ್ರೆ ನಾಳೆಯಿಂದ ನಿನ್ ಕೆಲಸ ಕಾಯಂ.”

ನಾಯಿ ಸುತ್ತಿಟ್ಟ ಹಾಸಿಗೆಯ ಹಾಗಿತ್ತು. ಪ್ರೂಫಣ್ಣ ಪುಸ್ತಕ ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದ. ಸೇಂಟ್ ಬರ್ನಾರ್ಡ್: ಬಲು ಚುರುಕು, ದಿನಾ ಎರಡು ಗಂಟೆ ಓಡಿಸಬೇಕು.

ಓಡಿಸಿದ. ಅಂದರೆ, ಇವನು ಓಡಿದ. ಅದು ಗಜಗಮನದಲ್ಲಿ ಬಂದು, ನಾಲ್ಕು ರಸ್ತೆ ಸೇರುವ ಕಡೆ ನಟ್ಟನಡುವೆ ದೊಪ್ಪನೆ ಮಲಗಿತು. ಹಗ್ಗ ಜಗ್ಗಿದರೆ ಇವನ ಚಪ್ಪಲಿ ಕಿತ್ತುಬಂತೇ ಹೊರತು ನಾಯಿ ಮಿಸುಕಲಿಲ್ಲ. ಹಿಂದೆ ಬಸ್ಸು ಹಾರನ್ ಬಡಿಯತೊಡಗಿತು.

“ಏನಪ್ಪಾ, ಅದು ನಿನ್ನ ವಾಕಿಂಗ್ ಕರ್ಕೊಂಡ್ ಬಂತಾ?” ಟೈಲರಜ್ಜ ಮೆಷಿನ್ ನಿಲ್ಲಿಸಿ ಕೇಳಿದ.

“ಚುರುಕಿನ ಜಾತಿ ಅಜ್ಜಾ. ಸ್ವಲ್ಪ ಮುನಿಸ್ಕೊಂಡಿದೆ ಅಷ್ಟೇ.”

“ಅಷ್ಟು ಕೂದಲು ಹೊತ್ಕೊಂಡು ಬಿಸಿಲಲ್ಲಿ ಓಡತ್ತೇನೋ?” ತರಕಾರಿ ಅಕ್ಕ ರೇಗಿದಳು. “ಕಂಬಳಿ ಕೊಡ್ತೀನಿ, ಹೊದ್ಕೊಂಡು ನೀನೇ ಓಡು ನೋಡಾಣ!”

“ಪುಸ್ತಕದಲ್ಲಿ ಹಂಗಿದೆ ಅಕ್ಕಾ!”

ನಾಯಿ ಅರ್ಧ ಬಕೆಟ್ ಜೊಲ್ಲನ್ನು ಅವನ ಅಂಗಿಗೆ ಒರೆಸಿತು. ಕೊನೆಗೆ ಆರು ಜನ ಸೇರಿ ಅದನ್ನು ಅಕ್ಕನ ತಳ್ಳುಗಾಡಿಗೆ ಏರಿಸಿದರು. ಮೆರವಣಿಗೆ ಹೊರಡುವಷ್ಟರಲ್ಲಿ, ಸಂಜೆ ಬರಬೇಕಿದ್ದ ಯಜಮಾನರ ಕಾರು ಎದುರಿಗೇ ಬಂದು ನಿಂತಿತು.

“ಏನಯ್ಯಾ ಇದು ಅವತಾರ? ನನ್ ನಾಯಿಗೇನ್ ಮಾಡ್ದೆ?”

ಕಾಯಂ ಕೆಲಸ ಕಣ್ಣೆದುರೇ ಗಾಡಿ ಹತ್ತಿ ಹೋಗುತ್ತಿರುವುದು ಕಂಡು ಪ್ರೂಫಣ್ಣ ಪುಸ್ತಕವನ್ನು ಗುರಾಣಿಯಂತೆ ಹಿಡಿದ. “ನಂದೇನೂ ತಪ್ಪಿಲ್ಲ ಸಾರ್! ಇದರಲ್ಲಿದ್ದ ಹಾಗೇ ಮಾಡ್ದೆ. ಪುಸ್ತಕಾನೇ ತಪ್ಪು!”

ಯಜಮಾನರು ಕನ್ನಡಕ ಏರಿಸಿ ಓದಿದರು. “ಹೌದಲ್ಲೋ! ಪಟ್ಟಿ ಪೂರ್ತಿ ಒಂದು ಸಾಲು ಕೆಳಗೆ ಜಾರಿದೆ. ಡಾಬರ್‌ಮನ್‌ದನ್ನ ಬರ್ನಾರ್ಡ್‌ಗೆ ಹಾಕಿದಾರೆ. ಪಾಪ, ನೀನೇನ್ ಮಾಡ್ತೀಯ?”

ಪ್ರೂಫಣ್ಣನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ!

“ಮತ್ತೆ! ಇದನ್ನ ನೋಡಿ ಸರಿ ಇದೆ ಅಂತ ಸಹಿ ಹಾಕಿದನಲ್ಲ ಸಾರ್, ಆ ಪುಣ್ಯಾತ್ಮನ್ನ ಮೊದ್ಲು ಕೆಲಸದಿಂದ ತೆಗೀಬೇಕು!”

ಅಂದವನೇ ಬಾಯಿಗೆ ಕೈ ಅಡ್ಡ ಹಿಡಿದ. ತಡವಾಗಿತ್ತು.

ಯಜಮಾನರು ಪುಸ್ತಕ ಮಡಚಿ ಅವನ ಕೈಗಿಟ್ಟರು. “ಆಗ್ಲಿ ಬಿಡಪ್ಪ. ನೀನೇ ಹೇಳಿದ್ಮೇಲೆ ಇನ್ನೇನು.”