ಹುಬ್ಬಿನ ತಾತನ ಸೂತಕ

ಸತ್ತವರಿಗಾಗಿ ಅಳುವುದಕ್ಕೂ ಒಂದು ಅರ್ಹತೆ ಬೇಕು ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಅದುವರೆಗೆ ಕಣ್ಣೀರೆಂದರೆ ಸ್ವಂತ ಆಸ್ತಿ, ಯಾರಿಗಾಗಿ ಬೇಕಾದರೂ ಸುರಿಸಬಹುದು ಎಂದುಕೊಂಡಿದ್ದೆ. ಹಾಗಿಲ್ಲವಂತೆ. ಸತ್ತವರು ನಮಗೆ ಏನಾದರೂ ಆಗಬೇಕಂತೆ. ದಾಯಾದಿಗಳಾಗಿರಬೇಕು, ಬೀಗರಾಗಿರಬೇಕು, ಕಡೇ ಪಕ್ಷ ತವರುಮನೆಯ ಹಿಂದಿನ ಬೀದಿಯವರಾದರೂ ಆಗಿರಬೇಕು. ಎಂದೂ ಮುಖಾಮುಖಿ ಕಾಣದ, ನಾವು ಈ ಭೂಮಿಯ ಮೇಲಿದ್ದೇವೆ ಎಂಬುದೇ ಗೊತ್ತಿಲ್ಲದ, ಇಂಗ್ಲೆಂಡಿನ ಒಬ್ಬ ಮುದುಕರು ತೀರಿಕೊಂಡರೆ ‘ಅಯ್ಯೋ ಪಾಪ’ ಎಂದು ಒಮ್ಮೆ ಅಂದು, ಫೋನು ಕೆಳಗಿಟ್ಟು, ಹುಳಿಗೆ ಒಗ್ಗರಣೆ ಹಾಕಬೇಕು. ನಾನು ಹಾಕಲಿಲ್ಲ. ಇಷ್ಟೇ ನನ್ನ ಮೇಲಿರುವ ಆಪಾದನೆ. ಇದರಲ್ಲಿ ತಪ್ಪೇನಿದೆ ಎಂದು ನಾನು ಅವತ್ತೂ ಕೇಳಿದೆ, ಇವತ್ತೂ ಕೇಳುತ್ತೇನೆ.

ಅವರು ನಟರು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು “ಯಾರದು?” ಎನ್ನುತ್ತೀರಿ, ನನಗೆ ಮತ್ತೆ ಸಿಟ್ಟು ಬರುತ್ತದೆ. ಜೀವಮಾನವೆಲ್ಲ ನಟಿಸಿದರೂ ಅವರು ಒಂದು ಸಲವೂ ನಾಯಕರಾಗಲಿಲ್ಲ. ನಾಯಕನ ಚಿಕ್ಕಪ್ಪನಾದರು, ನಾಯಕಿಯ ಊರಿನ ಪಾದ್ರಿಯಾದರು, ಕೊಲೆ ನಡೆದ ಬಂಗಲೆಯ ತೋಟದ ಮಾಲಿಯಾದರು, ರೈಲು ತಪ್ಪಿಸಿಕೊಂಡವರಿಗೆ ಸಮಾಧಾನ ಹೇಳುವ ಸ್ಟೇಷನ್ ಮಾಸ್ಟರಾದರು. ಬರುತ್ತಿದ್ದದ್ದು ಐದು ನಿಮಿಷ. ಆ ಐದು ನಿಮಿಷ ನಾಯಕನನ್ನು ಯಾರೂ ನೋಡುತ್ತಿರಲಿಲ್ಲ. ಕಂಬಳಿಹುಳದಂಥ ದಪ್ಪ ಹುಬ್ಬುಗಳು. ಎಡಹುಬ್ಬನ್ನು ಮಾತ್ರ ಮೆಲ್ಲಗೆ ಮೇಲೇರಿಸಿ ಅವರು ಎದುರಿಗಿದ್ದವರನ್ನು ನೋಡಿದರೆಂದರೆ, ಅದೆಂಥ ಶ್ರೀಮಂತನಾದರೂ ಒಮ್ಮೆ ತನ್ನ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ನಾನು ಅವರಿಗೆ ‘ಹುಬ್ಬಿನ ತಾತ’ ಎಂದು ಹೆಸರಿಟ್ಟೆ. ಆಗ ಅವರಿಗೆ ಈಗಿನ ನನ್ನಷ್ಟೇ ವಯಸ್ಸಿದ್ದಿರಬೇಕು. ಮದುವೆಯಾದ ಹೊಸದರಲ್ಲಿ ಐವತ್ತು ದಾಟಿದವರೆಲ್ಲ ತಾತಂದಿರೇ.

ಮೈಸೂರಿನಿಂದ ಮದುವೆಯಾಗಿ ನೇರವಾಗಿ ಕುವೈತಿನ ಫಿಂಟಾಸಿನ ಈ ಫ್ಲ್ಯಾಟಿಗೆ ಬಂದವಳು ನಾನು. ನಮ್ಮ ಮನೆಯವರು ಬೆಳಕು ಹರಿಯುವ ಮೊದಲೇ ಸೈಟಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಹೊರಗೆ ಹೋಗೋಣವೆಂದರೆ ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ. ಒಳಗೆ ನಾನು, ಎ.ಸಿ., ಟಿ.ವಿ. ಟಿ.ವಿ.ಯಲ್ಲಿ ಒಂದು ಚಾನೆಲ್ಲು ಇಂಗ್ಲಿಷ್. ಅದರಲ್ಲಿ ಮಧ್ಯಾಹ್ನ ಹಳೆಯ ಬ್ರಿಟಿಷ್ ಧಾರಾವಾಹಿಗಳು. ಕನ್ನಡ ಮಾಧ್ಯಮದ ಬಿ.ಎ. ನನ್ನದು, ಇಂಗ್ಲಿಷ್ ಕಲಿತದ್ದು ಪೂರಾ ಹುಬ್ಬಿನ ತಾತನಿಂದ. ಅದರ ಫಲವೇನಾಯಿತೆಂದರೆ, ಕೆಲಸಕ್ಕೆಂದು ಮೊದಲ ಸಲ ಇಂಟರ್‌ವ್ಯೂಗೆ ಹೋದಾಗ ಈಜಿಪ್ಟಿನ ಮ್ಯಾನೇಜರು “ಕೂತ್ಕೊಳ್ಳಿ” ಎಂದರೆ ನಾನು ಶವಸಂಸ್ಕಾರಕ್ಕೆ ಬಂದ ಪಾದ್ರಿಯ ಗತ್ತಿನಲ್ಲಿ ತಲೆಬಾಗಿ, ‘ತಮ್ಮ ಈ ಅಪಾರ ಕರುಣೆಗೆ ನಾನು ಚಿರಋಣಿ’ ಎಂಬರ್ಥದ ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ಹೇಳಿದೆ. ಆ ಮನುಷ್ಯ ಕುರ್ಚಿಯಿಂದ ಎದ್ದೇ ನಿಂತುಬಿಟ್ಟರು. ಕೆಲಸ ಸಿಕ್ಕಿತು. ಇಷ್ಟು ವರ್ಷ ಆ ಆಫೀಸಿನಲ್ಲಿ ಕಠಿಣವಾದ ಕಾಗದ ಬರೆಯಬೇಕಾದರೆ ಎಲ್ಲರೂ ನನ್ನ ಮೇಜಿಗೇ ಬರುತ್ತಾರೆ. ಬಾಕಿ ಕೆಲಸಕ್ಕೆ ಯಾರೂ ಬರುವುದಿಲ್ಲ, ಅದು ಬೇರೆ ಮಾತು.

ಇಂಥವರು ಹೋಗಿಬಿಟ್ಟರೆಂದು, ಇಲ್ಲಿ ರಜೆಯ ದಿನವಾದ ಒಂದು ಶುಕ್ರವಾರ ಬೆಳಗ್ಗೆ ಫೋನಿನಲ್ಲಿ ಓದಿದೆ. ಒಂದು ಫೋಟೋ, ಕೆಳಗೆ ನಾಲ್ಕು ಸಾಲು. ಮಲಗಿದ್ದಲ್ಲೇ ಪ್ರಾಣ ಹೋಯಿತಂತೆ. ನಾನು ಎದ್ದು ಬಚ್ಚಲಿಗೆ ಹೋದೆ. ಯೋಚಿಸಿ ಹೋದದ್ದಲ್ಲ. ನಮ್ಮ ಮನೆಯಲ್ಲಿ ಸಾವಿನ ಸುದ್ದಿ ಬಂತೆಂದರೆ ಮೊದಲು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು. ಅಳು, ವಿಚಾರಣೆ ಎಲ್ಲ ಆಮೇಲೆ. ನಮ್ಮಜ್ಜಿ ಟೆಲಿಗ್ರಾಮು ತಂದವನಿಗೆ ಸಹಿ ಹಾಕಿಕೊಟ್ಟು, ಅವನು ಗೇಟು ದಾಟುವುದರೊಳಗೆ ನಲ್ಲಿಯ ಕೆಳಗೆ ಕೂತಿರುತ್ತಿದ್ದರು. ಆದರೆ ಅಜ್ಜಿಯ ನಲ್ಲಿ ಮೈಸೂರಿನದು. ಕುವೈತಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕು ಕುದಿಯುತ್ತಿರುತ್ತದೆ. ತಣ್ಣೀರು ಬೇಕೆಂದರೆ ಗೀಸರನ್ನು ಆರಿಸಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಬೇಕು. ಮನೆಯೊಳಗಿರುವ ಗೀಸರಿನ ನೀರೇ ಇದ್ದುದರಲ್ಲಿ ತಂಪು. ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಈ ಸಂಗತಿಯನ್ನು ದುಃಖದಲ್ಲಿ ಮರೆತು ನಾನು ತಣ್ಣೀರಿನ ನಲ್ಲಿ ತಿರುಗಿಸಿದೆ. ಸುಡುನೀರು ನೆತ್ತಿಗೆ ಬಿತ್ತು. “ಅಯ್ಯಯ್ಯೋ, ಸತ್ತೆ!” ಎಂದು ಕಿರುಚಿದೆ.

ಬಚ್ಚಲ ಗವಾಕ್ಷಿಯಿಂದ ಆ ಕೂಗು ಮೇಲಿನ ಮಹಡಿಯ ಫಿಲೋಮಿನಾ ಬಾಯಿಗೆ ಕೇಳಿಸಿತು. ಮಂಗಳೂರು ಕಡೆಯವರು, ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ಮಗನ ಜೊತೆ ಇರುವವರು. ನಾನು ಬಾಗಿಲು ತೆಗೆದಾಗ ಅವರಿಗೆ ಕಂಡದ್ದಿಷ್ಟು: ಒದ್ದೆ ತಲೆ, ಕೆಂಪು ಕಣ್ಣು, ಹಿಂದೆ ಒಲೆ ಹಚ್ಚದ ಅಡುಗೆಮನೆ.

“ಎಂತ ಆಯ್ತು ಮಾರಾಯ್ತಿ? ಊರಲ್ಲಿ ಯಾರಾದ್ರು…?”

“ಹೋಗ್ಬಿಟ್ರು ಬಾಯಿ” ಎಂದೆ. ನೆತ್ತಿಯಿಂದ ಇಳಿಯುತ್ತಿದ್ದ ನೀರನ್ನು ಸೆರಗಿನಿಂದ ಒರೆಸಿಕೊಂಡೆ.

“ಬೇಡ, ಈಗ ಎಂತ ಹೇಳ್ಬೇಡ ನೀನು. ಒಲೆ ಹತ್ರ ಸಹ ಹೋಗ್ಬೇಡ. ನಾನು ಉಂಟಲ್ಲ?” ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮೇಲಕ್ಕೆ ಹೋದರು. ಅವರು ನಿಜವಾದ ಸಭ್ಯಸ್ಥೆ. ಅಳುತ್ತಿರುವವರನ್ನು ಪ್ರಶ್ನೆ ಕೇಳಬಾರದೆಂದು ಬಲ್ಲವರು. ಆದರೆ ಅಳದೇ ಇರುವವರಿಗೆಲ್ಲ ಫೋನು ಮಾಡಿದರು.

ನಮ್ಮ ಮನೆಯವರು ತರಕಾರಿ ತರಲು ಹೋಗಿದ್ದವರು ಬೆಂಡೆಕಾಯಿ ಆರಿಸುತ್ತಿರುವಾಗ ಅವರ ಫೋನಿಗೆ ಒಂದೇ ಸಮನೆ ‘ಓಂ ಶಾಂತಿ’ ಬರತೊಡಗಿತು. ಅವರು ಗಾಬರಿಯಲ್ಲಿ ನನಗೆ ಮಾಡುವ ಬದಲು ಮೈಸೂರಿಗೆ, ನನ್ನ ಅಮ್ಮನಿಗೆ ಫೋನು ಮಾಡಿದರು. ಎತ್ತಿದವರು ಅಮ್ಮನೇ. “ಅತ್ತೆ ಹೇಗಿದ್ದಾರೆ?” ಎಂದು ಅಳುದನಿಯಲ್ಲಿ ಕೇಳಿದರಂತೆ. “ನಾನೇ ಕಣಪ್ಪ ಮಾತಾಡ್ತಿರೋದು” ಎಂದರಂತೆ ಅಮ್ಮ. ಆಮೇಲೆ ಇವರು ಒಬ್ಬೊಬ್ಬರನ್ನೇ ವಿಚಾರಿಸಿದ್ದಾರೆ: ದೊಡ್ಡಮ್ಮ ಇದ್ದಾರಾ? ಸೋದರತ್ತೆ? ಮೇಲುಕೋಟೆ ಚಿಕ್ಕಪ್ಪ? ಅಮ್ಮನಿಗೆ ರೇಗಿ, “ಎಲ್ಲಾರೂ ಗಟ್ಟಿಯಾಗಿದೀವಿ. ನಿಮಗೇನಾದ್ರೂ ಅದ್ರಿಂದ ತೊಂದರೆ ಆಗಿದ್ಯಾ?” ಎಂದು ಕೇಳಿದರಂತೆ. ಅಳಿಯನ ಮೇಲಿನ ಆ ಅನುಮಾನ ಅಮ್ಮನಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಮನೆಗೆ ಬಂದು ಬೆಂಡೆಕಾಯಿ ಚೀಲವನ್ನು ಹಿಡಿದುಕೊಂಡೇ ಕೇಳಿದರು: “ಯಾರೇ ಸತ್ತಿದ್ದು?”

ನಾನು ಫೋನಿನ ಫೋಟೋ ತೋರಿಸಿದೆ.

“ಇವನಾ?”

“ಇವನಲ್ಲ, ಇವರು.”

ಅವರು ಸೋಫಾದ ಮೇಲೆ ಕುಸಿದರು. ವಿಷಯ ಏನೆಂದರೆ, ಇಲ್ಲಿನ ಇನ್ನೊಂದು ಬಡಾವಣೆ ಸಲ್ವಾದಿಂದ ರಾಯರು ಹೊರಡುವವರಿದ್ದರು. ರಾಯರು ಇಲ್ಲಿನ ನಮ್ಮ ಕನ್ನಡದವರ ಕೂಟಕ್ಕೆ ಹಿರಿಯರು. ನಾಮಕರಣದಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಅವರದೇ ಕೊನೆಯ ಮಾತು. ಅವರೊಮ್ಮೆ ‘ಛೆ’ ಎಂದರೆ ನಮ್ಮನ್ನು ಯಾರೂ ಸತ್ಯನಾರಾಯಣ ಪೂಜೆಗೆ ಕರೆಯುವುದಿಲ್ಲ. ನಮ್ಮ ಮನೆಯವರು ದನಿ ತಗ್ಗಿಸಿ, “ನೋಡು, ನಿಮ್ಮ ಕಡೆ ಯಾರೋ ದೂರದ ದೊಡ್ಡಪ್ಪ ಹೋದ್ರು ಅಂತ ಹೇಳ್ಬಿಡು. ರಾಯರ ಮುಂದೆ ನಮ್ಮ ಮಾನ ಉಳಿಯುತ್ತೆ” ಎಂದರು. ಕಾಲೇಜಿಗೆ ಹೋಗುವ ನನ್ನ ಮಗಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಪ್ರಾಣಿ, “ಅಮ್ಮಾ, ಪ್ಲೀಸ್, ಜಸ್ಟ್ ಸೇ ಸಮ್ ಅಂಕಲ್ ಡೈಡ್” ಎಂದಳು.

“ಇಲ್ಲದ ದೊಡ್ಡಪ್ಪನ್ನ ಹುಟ್ಟಿಸಿ ಸಾಯಿಸೋದು ನನ್ನ ಕೈಲಾಗಲ್ಲ” ಎಂದೆ. “ಹೋಗಿರೋರು ಹೋಗಿದಾರೆ. ಅವರ ಸಾವನ್ನ ತಗೊಂಡು ಇನ್ನೊಬ್ಬರ ಹೆಸರಿಗೆ ಬರೆಯೋದು ಯಾವ ನ್ಯಾಯ? ಬದುಕಿದ್ದಾಗಲೂ ಅವರಿಗೆ ಸೈಡ್ ಪಾರ್ಟೇ ಕೊಟ್ರು. ಸತ್ತಾಗಲಾದ್ರೂ ಅವರೇ ಸಾಯ್ಲಿ.”

ಸಂಜೆಯ ಹೊತ್ತಿಗೆ ಹಾಲಿನ ತುಂಬ ಜನ. ಫಿಲೋಮಿನಾ ಬಾಯಿ ನನಗಾಗಿ ಮೀನು ಸೋಕದ ಪಾತ್ರೆಯಲ್ಲಿ ಅನ್ನ ಸಾರು ಮಾಡಿ ತಂದಿದ್ದರು. ರಾಯರ ಹೆಂಡತಿ ಮೊಸರನ್ನ ತಂದಿದ್ದರು. ರಾಯರು ಗಂಟಲು ಸರಿಮಾಡಿಕೊಂಡು, “ಹುಟ್ಟಿದವರು ಹೋಗಲೇಬೇಕಮ್ಮ. ವಯಸ್ಸೆಷ್ಟಾಗಿತ್ತು?” ಎಂದರು.

“ಎಂಬತ್ತು ದಾಟಿತ್ತು.”

“ನರಳಿದರೇ?”

“ಇಲ್ಲ, ನಿದ್ದೇಲೇ ಹೋದ್ರು.”

“ಪುಣ್ಯವಂತರು. ನಿನಗೆ ಏನಾಗಬೇಕು?”

ನಮ್ಮ ಮನೆಯವರು ಸೂರು ನೋಡತೊಡಗಿದರು. ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸೆರಗು ಸರಿಮಾಡಿಕೊಂಡು ಹೇಳಿದೆ: “ಏನೂ ಆಗಬೇಕಾಗಿಲ್ಲ ರಾಯರೇ. ಇಂಗ್ಲೆಂಡಿನವರು. ನಟರು. ಟಿ.ವಿ.ಲಿ ಬರ್ತಿದ್ರು.”

ರಾಯರು ಕೆಂಪಗಾದರು. “ಒಬ್ಬ ನಟ ಸತ್ತಿದ್ದಕ್ಕೆ ನಾನು ಶುಕ್ರವಾರದ ನಿದ್ದೆ ಬಿಟ್ಟು ಸಲ್ವಾದಿಂದ ಬಂದೆನೇ? ಅದೂ ಬ್ರಿಟಿಷರವನು! ಅವರನ್ನ ಓಡಿಸೋಕೆ ನಮ್ಮಪ್ಪ ಜೈಲಿಗೆ ಹೋಗಿದ್ರು ಕಣಮ್ಮ!”

“ನಿಮ್ಮಪ್ಪನ್ನ ಜೈಲಿಗೆ ಹಾಕಿದ್ದು ಇವರಲ್ಲ ರಾಯರೇ. ಆಗ ಇವರಿನ್ನೂ ಚಡ್ಡಿ ಹಾಕ್ಕೊಳ್ಳೋದು ಕಲೀತಿದ್ರು. ನಮ್ಮ ಬೆಂಗಳೂರಿನ ಹೀರೋ ಹೋದಾಗ ನೀವು ಆಫೀಸಿಗೆ ರಜ ಹಾಕಿ ಅತ್ರಲ್ಲ, ಅವರು ನಿಮಗೆ ಏನಾಗಬೇಕಿತ್ತು?”

“ಅವರು ನಮ್ಮವರಮ್ಮ!”

“ಇವರು ನನ್ನವರು.”

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಡುನೀರು ಬಿದ್ದ ತಲೆ, ಇಡೀ ದಿನದ ಉಪವಾಸ. “ನಮ್ಮಜ್ಜಿ ಹೋದಾಗ ನಾನಿಲ್ಲೇ ಇದ್ದೆ. ಇಲ್ಲಿರೋಕೆ ಬೇಕಾದ ಇಕಾಮಾ ಪರ್ಮಿಟ್ ರಿನ್ಯೂ ಮಾಡೋಕೆ ಕೊಟ್ಟ ಪಾಸ್‌ಪೋರ್ಟ್ ಬರ್ಲಿಲ್ಲ, ಹೋಗೋಕಾಗ್ಲಿಲ್ಲ. ಸೋದರಮಾವ ಹೋದಾಗ ಮಗು ಒಂದು ತಿಂಗಳದು. ಎರಡು ಸಲಾನೂ ತಲೆಗೆ ನೀರು ಹಾಕ್ಕೊಂಡು ಸುಮ್ನೆ ಕೂತೆ. ಯಾರಿಗೆ ಹೇಳ್ಲಿ? ಆಗ ನೀವ್ಯಾರೂ ಪರಿಚಯ ಇರ್ಲಿಲ್ಲ. ಟಿ.ವಿ. ಹಾಕಿದ್ರೆ ಈ ಮನುಷ್ಯ ಇದ್ರು. ಪಾದ್ರಿ ವೇಷ. ಯಾರದೋ ಮನೇಲಿ ಸಾವಾಗಿತ್ತು, ಏನೂ ಮಾತಾಡ್ದೆ ಆ ಹೆಂಗಸಿನ ಪಕ್ಕ ಕುರ್ಚಿ ಎಳ್ಕೊಂಡು ಕೂತ್ರು. ಹುಬ್ಬು ಸಹ ಎತ್ತಲಿಲ್ಲ. ನನ್ನ ಪಕ್ಕಾನೇ ಕೂತ ಹಾಗಾಯ್ತು. ನಮ್ಮಜ್ಜಿ ಸಾವಿಗೆ ಈ ಊರಲ್ಲಿ ಮಾತಾಡಿಸೋಕೆ ಬಂದೋರು ಅವರೊಬ್ಬರೇ ರಾಯರೇ. ಅವರ ಸಾವಿಗೆ ನಾನು ಸ್ನಾನ ಮಾಡಬಾರದಾ?”

ಫಿಲೋಮಿನಾ ಬಾಯಿ ನನ್ನ ಫೋನು ಈಸಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. “ಹೆಂಡತಿ ಉಂಟಾ ಇವರಿಗೆ?” ಎಂದು ಕೇಳಿದರು.

“ಇದ್ದಾರಂತೆ.”

“ಅಯ್ಯೋ ದೇವರೇ. ಅವ್ರಿಗೆ ಇವತ್ತು ಯಾರಾದ್ರು ಊಟ ತಂದು ಕೊಟ್ರೋ ಏನೋ.”

ನಾನು ಅತ್ತದ್ದು ಆಗ. ಜೋರಾಗಿ, ಮೂಗು ಸೀಟಿಕೊಂಡು, ಜನರ ಮುಂದೆ ಅತ್ತೆ. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ. ಹುಬ್ಬಿನ ತಾತ, ಅಜ್ಜಿ, ಸೋದರಮಾವ ಎಲ್ಲರೂ ಒಟ್ಟಿಗೇ ಸಾಲಾಗಿ ಹೋಗುತ್ತಿದ್ದರು. ಬಾಯಿ ಕೊಂಕಣಿಯಲ್ಲಿ ಮೆಲ್ಲಗೆ ಪ್ರಾರ್ಥನೆ ಹೇಳಿದರು. ರಾಯರ ಹೆಂಡತಿ ಬೆಳಗಿನಿಂದ ಒಣಗದೆ ಒಳಗೇ ತೇವ ಉಳಿದಿದ್ದ ನನ್ನ ಜಡೆ ಬಿಚ್ಚಿ ಟವೆಲಿನಿಂದ ಒರೆಸಿದರು. ಎಲ್ಲರಿಗೂ ಅನ್ನ ಬಡಿಸಿದ್ದಾಯಿತು. ಸಿಟ್ಟು ಇಳಿಯದ ರಾಯರೂ ಸಾರನ್ನ ಎರಡು ಸಲ ಹಾಕಿಸಿಕೊಂಡರು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವರು, “ನೋಡಮ್ಮ, ಇದನ್ನ ನಾನು ಒಪ್ಪಲ್ಲ. ಸೂತಕ, ಪಾತಕ ಏನೂ ಇಲ್ಲ, ಸ್ನಾನ ಆಯ್ತಲ್ಲ, ಖಲಾಸ್. ಆದರೆ ಇನ್ನು ಮುಂದೆ ಯಾರು ಹೋದರೂ ಬಚ್ಚಲಲ್ಲಿ ಒಬ್ಬಳೇ ಅಳ್ತಾ ಕೂತ್ಕೋಬೇಡ. ಒಂದು ಫೋನ್ ಮಾಡು. ಸಲ್ವಾ ಏನು ಮಹಾ ದೂರ” ಎಂದರು. ಜಗಳಕ್ಕೆಂದು ಇನ್ನೂ ನಾಲ್ಕು ಮಾತು ಕೂಡಿಟ್ಟುಕೊಂಡಿದ್ದ ನಾನು ಬಾಯಿ ಮುಚ್ಚಿಕೊಂಡು ಲಿಫ್ಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದೆ. ಸೋತೆನೋ ಗೆದ್ದೆನೋ ಇನ್ನೂ ಗೊತ್ತಾಗಿಲ್ಲ. ಕೂಟದ ಮುಂದಿನ ಪೂಜೆಗೆ ಮಾತ್ರ ಕರೆ ಬಂತು.

ಅಂದಿನಿಂದ ನಾನು ಹೊತ್ತಲ್ಲದ ಹೊತ್ತಿನಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡರೆ ಸಾಕು, ನಮ್ಮ ಮನೆಯವರು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದು “ಯಾರು? ಯಾವ ದೇಶ?” ಎಂದು ಕೇಳುತ್ತಾರೆ. ಸೆಕೆ ಎಂದರೆ ನಂಬುವುದಿಲ್ಲ. ಮೊನ್ನೆ ನಿಜವಾಗಿಯೂ ಸೆಕೆಯೇ ಆಗಿತ್ತು. ಆದರೆ ಅವರು ಅಷ್ಟು ಕಳವಳದಿಂದ ನನ್ನ ಮುಖ ನೋಡುತ್ತಾ ನಿಂತಿದ್ದನ್ನು ಕಂಡು, ಇಟಲಿಯಲ್ಲಿ ಒಬ್ಬ ಹಾಡುಗಾರರು ತೀರಿಕೊಂಡರೆಂದೆ. ಅಂಥವರು ಇದ್ದರೋ ಇಲ್ಲವೋ ನನಗೆ ತಿಳಿಯದು. ಇವರು ಮರುಮಾತಾಡದೆ ಅಡುಗೆಮನೆಗೆ ಹೋಗಿ, ನನಗೆ ಕಾಫಿ ಮಾಡಿ ತಂದುಕೊಟ್ಟು, ಪಕ್ಕದಲ್ಲಿ ಕೂತರು.